ಶಿಲ್ಪಚರಿತ್ರೆಗೆ ಪ್ರವೇಶ: ಕಲ್ಲು ಮತ್ತು ರೂವಾರಿ

ಕಾವ್ಯವನ್ನು ಓದುವವರು ಮೊದಲು ಕವಿಯ ಹೆಸರನ್ನೂ ಕಾಲವನ್ನೂ ವಿಚಾರಿಸುವುದು ವಾಡಿಕೆ. ಶಿಲ್ಪವನ್ನು ನೋಡುವಾಗಲಾದರೋ ಬೆರಗುಪಟ್ಟು ಸುಮ್ಮನಾಗುತ್ತೇವೆ. ಮಾಡಿದವರಾರೆಂದು ಯಾರಾದರೂ ಕೇಳಿದರೆ ಜಕಣಾಚಾರಿಯ ಹೆಸರೊಂದನ್ನು ಹೇಳಿ ತೃಪ್ತರಾಗುತ್ತೇವೆ. ಈ ಚರಿತ್ರೆಯನ್ನು ಹೊಸದಾಗಿ ಅಭ್ಯಾಸಮಾಡುವವರಿಗೆ ಎರಡು ಬಾಗಿಲುಗಳುಂಟು. ಒಂದು, ಕಲ್ಲಿನ ಜಾತಿ. ಇನ್ನೊಂದು, ಕಲ್ಲಿನ ಮೇಲಣ ಬರಹ.

ಮೊದಲು ಕಲ್ಲನ್ನು ನೋಡೋಣ. ಕ್ರಿ. ಶ. 578ರ ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯನ್ನು ಮರಳುಗಲ್ಲಿನ ಬೆಟ್ಟದಲ್ಲಿಯೇ ಕೊರೆದಿದ್ದಾರೆ. ಅಲ್ಲಿಯ ಮೂರ್ತಿಗಳು ಭವ್ಯವಾದ ಅಂಗವಿನ್ಯಾಸದಿಂದ ಮನಸ್ಸನ್ನು ಸೆಳೆಯುತ್ತವೆ; ಆಭರಣಗಳು ಮಿತವಾಗಿವೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಬಿದ್ದಮೇಲೆ ಗಟ್ಟಿಯಾಗುವುದು ಇದರ ಗುಣ. ಮದನಿಕೆಯರ ಹಾರ, ನೂಪುರ, ಲತಾತೋರಣಗಳ ಸೂಕ್ಷ್ಮತೆಗೆ ಇದೂ ಒಂದು ಕಾರಣ. ಆದರೆ ಕಲ್ಲು ಅವಕಾಶವನ್ನು ಕೊಡಬಲ್ಲುದೇ ಹೊರತು ಕಲೆಯನ್ನು ಕೊಡಲಾರದು. ಕೊಟ್ಟದ್ದು ಮನುಷ್ಯನ ಕೈ.

ಆ ಕೈ ಯಾರದೆಂಬುದನ್ನು ಬರಹವು ತಿಳಿಸುತ್ತದೆ. ಎಂಟನೆಯ ಶತಮಾನದಲ್ಲಿ ಲೋಕಮಹಾದೇವಿಯು ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು ಅದನ್ನು ನಿರ್ಮಿಸಿದ ಗುಂಡನೆಂಬ ಆಚಾರಿಯನ್ನು ಗೌರವಿಸುತ್ತದೆ. ಬೇಲೂರಿನ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಬರುತ್ತದೆ. ಈ ಪುಟ್ಟ ಬರಹಗಳಿಂದ ವಿದ್ಯೆಯು ತಂದೆಯಿಂದ ಮಗನಿಗೆ ಸಂದುದೂ, ರೂವಾರಿಗಳು ಊರಿಂದೂರಿಗೆ ಹೋಗಿ ಕೆಲಸಮಾಡಿದುದೂ ಗೊತ್ತಾಗುತ್ತದೆ. ಒಂದೇ ಹೆಸರಿನ ಕೆಳಗಿರುವ ಮೂರ್ತಿಗಳನ್ನು ಹೋಲಿಸಿ, ಕವಿಯ ಶೈಲಿಯನ್ನು ಗುರುತಿಸುವಂತೆ ರೂವಾರಿಯ ಶೈಲಿಯನ್ನೂ ಗುರುತಿಸಬಹುದು.

ಬೇಲೂರಿನ ಈ ಹೆಸರುಗಳ ನಡುವೆ ಜಕಣಾಚಾರಿಯಿಲ್ಲ. ಆತನ ಕಥೆಯು ಜನಪದದ ಸೊತ್ತು. ಆ ಸ್ಥಾನದಲ್ಲಿ ಅದಕ್ಕೆ ಮನ್ನಣೆ ಸಲ್ಲತಕ್ಕದ್ದೇ. ಆದರೆ ತನ್ನ ಹೆಸರನ್ನು ತಾನೇ ಕೆತ್ತಿಟ್ಟ ದಾಸೋಜನನ್ನು ಆ ಕಥೆಯು ಮರೆಸುವಂತಾಗಬಾರದು. 'ಕರ್ಣಾಟಕ ಕವಿಚರಿತೆ'ಯನ್ನು ರಚಿಸಿದ ಆರ್. ನರಸಿಂಹಾಚಾರ್ಯರೇ ಸೋಮನಾಥಪುರ, ಬೇಲೂರು ದೇವಾಲಯಗಳನ್ನು ಕುರಿತು 1917, 1919ರಲ್ಲಿ ಗ್ರಂಥಗಳನ್ನು ಪ್ರಕಟಿಸಿ ಅಲ್ಲಿಯ ರೂವಾರಿಗಳ ಹೆಸರುಗಳನ್ನು ದಾಖಲಿಸಿದರು. ಕವಿಗಳಿಗೂ ರೂವಾರಿಗಳಿಗೂ ಅವರು ತೋರಿದ ಈ ಸಮದೃಷ್ಟಿಯು ನಮ್ಮ ಪಾಠಶಾಲೆಗಳಿಗೂ ಬರಲೆಂಬುದೇ ಪ್ರಕೃತ ಲೇಖನದ ಆಶಯ.