ವನ್ಯಪ್ರಾಣಿ ರಕ್ಷಣೆಯಲ್ಲಿ ಹಳ್ಳಿಗರ ಪಾಲು: ನಮೀಬಿಯದ ಅನುಭವ

‘ಸಫಾರಿ’ ಎಂಬುದು ಸ್ವಾಹಿಲಿ ಭಾಷೆಯ ಪದ. ಪ್ರಯಾಣ ಎಂದು ಅದರ ಅರ್ಥ. ಆಫ್ರಿಕದಲ್ಲಿ ವನ್ಯಜೀವಿ ಸಿಬ್ಬಂದಿಗೆ ತರಬೇತಿ ನೀಡುವ ಸಂಸ್ಥೆಗಳು ಹಲವಾರಿವೆ. ಟಾಂಜಾನಿಯದ ಕಿಲಿಮಂಜಾರೊ ಪರ್ವತದ ತಪ್ಪಲಿನಲ್ಲಿರುವ ಮ್ವೇಕಾ ಕಾಲೇಜು 1963ರಲ್ಲಿ ಪ್ರಾರಂಭವಾಯಿತು. ದಕ್ಷಿಣ ಆಫ್ರಿಕದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ 1996ರಲ್ಲಿ ಮತ್ತೊಂದು ಕಾಲೇಜು ಸ್ಥಾಪನೆಯಾಯಿತು. ಪ್ರಾಣಿಗಳನ್ನು ಗುರುತಿಸುವುದು, ಎಣಿಸುವುದು, ಕಳ್ಳಬೇಟೆ ತಡೆಯುವುದು ಇವುಗಳೊಡನೆ ಹಳ್ಳಿಗರ ಜೊತೆಗೂಡಿ ವನ್ಯಪ್ರಾಣಿಗಳನ್ನು ಕಾಪಾಡುವ ವಿಧಾನವೂ ಇಂದು ಇಂಥ ಶಿಕ್ಷಣದ ಅಂಗವಾಗಿದೆ.

ಇದಕ್ಕೆ ಕಾರಣವಿದೆ. ಆನೆ ಬೆಳೆ ತಿಂದರೂ, ಸಿಂಹ ಹಸು ಕೊಂದರೂ ನಷ್ಟ ಹಳ್ಳಿಗನದು. ಅದೇ ಆನೆ, ಸಿಂಹಗಳನ್ನು ನೋಡಲು ಬರುವ ಪ್ರವಾಸಿಯ ಹಣ ಬೇರೆಯವರ ಪಾಲು. ಈ ಅಂತರವನ್ನು ಕಡಿಮೆ ಮಾಡಲು ನಮೀಬಿಯ ದೇಶ ಕೈಗೊಂಡ ಕ್ರಮಗಳು ಗಮನಾರ್ಹವಾಗಿವೆ.

ಹಿನ್ನೆಲೆ

ಆಫ್ರಿಕ ಖಂಡದ ನೈಋತ್ಯ ಮೂಲೆಯಲ್ಲಿರುವ ನಮೀಬಿಯ ವಿಸ್ತೀರ್ಣದಲ್ಲಿ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚಿದೆ. ಜನಸಂಖ್ಯೆ ಸುಮಾರು 30 ಲಕ್ಷ ಮಾತ್ರ. ಸಹಾರದ ದಕ್ಷಿಣದ ದೇಶಗಳಲ್ಲೇ ಇದು ಅತಿ ಶುಷ್ಕವಾದುದು. ವಾಯವ್ಯದ ಕುನೇನೆ ಪ್ರದೇಶದಲ್ಲಿ ಬೇಸಾಯಕ್ಕೆ ಸಾಕಾಗುವಷ್ಟು ಮಳೆಯಿಲ್ಲ. ಹಿಂಬಾ, ಹೆರೆರೊ, ದಮಾರಾ ಜನರು ದನ, ಕುರಿ, ಮೇಕೆ ಸಾಕಿ ಜೀವಿಸುತ್ತಾರೆ.

1980ರ ದಶಕದ ಆರಂಭದಲ್ಲಿ ಇಲ್ಲಿ ಭೀಕರ ಬರಗಾಲ ಬಿದ್ದು ಬಹುಪಾಲು ದನಗಳು ಸತ್ತವು. ಹಸಿದ ಜನ ಮಾಂಸಕ್ಕಾಗಿ ಬೇಟೆಯಾಡಿದರು. ದಂತ ಹಾಗೂ ಘೇಂಡಾಮೃಗದ ಕೊಂಬಿಗಾಗಿ ಹೊರಗಿನವರೂ ಬಂದೂಕು ಹಿಡಿದು ಬಂದರು. ಆಗ ದೇಶವು ದಕ್ಷಿಣ ಆಫ್ರಿಕದ ಆಡಳಿತದಲ್ಲಿತ್ತು. ಖಾಸಗಿ ಜಮೀನುಗಳ ಬಿಳಿಯ ಒಡೆಯರಿಗೆ ತಮ್ಮ ನೆಲದ ಬೇಟೆ ಪ್ರಾಣಿಗಳ ಮೇಲೆ ಕಾನೂನು ಹಕ್ಕು ನೀಡಿತ್ತು. ಪ್ರಾಣಿಯಿಂದ ಆದಾಯ ಬರುವುದರಿಂದ ಅವರು ಅವನ್ನು ಉಳಿಸಿಕೊಂಡರು. ಸಮುದಾಯದ ನೆಲದಲ್ಲಿದ್ದ ದನಗಾಹಿಗೆ ಅಂಥ ಹಕ್ಕಿರಲಿಲ್ಲ. ಅವನು ಜಿಂಕೆ ಹೊಡೆದರೆ ಜೈಲಿಗೆ ಹೋಗಬೇಕಾಗಿತ್ತು.

ಊರಿನಿಂದಲೇ ಕಾವಲುಗಾರರು

ಗಾರ್ತ್ ಓವನ್-ಸ್ಮಿತ್ ಎಂಬ ಸಂರಕ್ಷಣಾ ಕಾರ್ಯಕರ್ತರು 1983ರಲ್ಲಿ ಊರ ಮುಖಂಡರೊಡನೆ ಚರ್ಚಿಸಿ ಹೊಸ ಕ್ರಮವೊಂದನ್ನು ಜಾರಿಗೆ ತಂದರು. ಕಾವಲುಗಾರರನ್ನು ಆರಿಸುವ ಕೆಲಸ ಮುಖಂಡರದೇ ಆಯಿತು. ಆಯ್ಕೆಯಾದವರಿಗೆ ಅಲ್ಪ ಭತ್ಯೆ ಹಾಗೂ ಆಹಾರಧಾನ್ಯ ಕೊಡಲಾಯಿತು. ಹೆಜ್ಜೆ ಗುರುತು ನೋಡುವುದು, ಸತ್ತ ಪ್ರಾಣಿ ಕಂಡರೆ ತಿಳಿಸುವುದು, ಅಪರಿಚಿತರ ಓಡಾಟದ ಮೇಲೆ ಕಣ್ಣಿಡುವುದು ಅವರ ಕೆಲಸ. ಅವರು ವರದಿ ಮಾಡಬೇಕಾದುದು ಮುಖಂಡರಿಗೆ. ಆದ್ದರಿಂದ ಊರಿನವರು ಅವರನ್ನು ಸರ್ಕಾರದ ಗೂಢಚಾರರೆಂದು ಕಾಣಲಿಲ್ಲ. ಕೆಲವೇ ವರ್ಷಗಳಲ್ಲಿ ಕಳ್ಳಬೇಟೆ ಇಳಿಮುಖವಾಯಿತು. ಈ ಕಾರ್ಯಕ್ಕಾಗಿ ಓವನ್-ಸ್ಮಿತ್ ಮತ್ತು ಮಾರ್ಗರೆಟ್ ಜೇಕಬ್‌ಸನ್ ಅವರಿಗೆ 1993ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ದೊರೆಯಿತು.

1996ರ ಕಾನೂನು

ನಮೀಬಿಯ 1990ರಲ್ಲಿ ಸ್ವತಂತ್ರವಾಯಿತು. 1996ರ ತಿದ್ದುಪಡಿ ಕಾನೂನು, ಅದುವರೆಗೆ ಖಾಸಗಿ ಭೂಮಾಲೀಕರಿಗಿದ್ದಂಥ ಹಕ್ಕನ್ನು ಸಮುದಾಯದ ನೆಲದಲ್ಲಿರುವವರಿಗೂ ನೀಡಿತು. ಇದಕ್ಕಾಗಿ ಹಳ್ಳಿಗರು ‘ಕನ್ಸರ್ವೆನ್ಸಿ’ ಎಂಬ ಸಂರಕ್ಷಣಾ ಸಂಘವನ್ನು ರಚಿಸಿಕೊಳ್ಳಬೇಕು. ನೋಂದಣಿಗೆ ಬೇಕಾದ ಮುಖ್ಯ ಅಂಶಗಳು ಇವು:

1. ನೆರೆಯವರೂ ಒಪ್ಪಿದ ಗಡಿ.
2. ಸದಸ್ಯರ ಪಟ್ಟಿ.
3. ಸದಸ್ಯರನ್ನು ಪ್ರತಿನಿಧಿಸುವ ಸಮಿತಿ.
4. ಲಿಖಿತ ನಿಯಮಾವಳಿ.
5. ಬಂದ ಲಾಭವನ್ನು ನ್ಯಾಯವಾಗಿ ಹಂಚುವ ಯೋಜನೆ.

1998ರಲ್ಲಿ ಮೊದಲ ನಾಲ್ಕು ಸಂಘಗಳು ಕೆಲಸ ಆರಂಭಿಸಿದವು. ಇಂದು 86 ಸಂಘಗಳಿದ್ದು, ಅವುಗಳ ವ್ಯಾಪ್ತಿಗೆ ದೇಶದ ಸುಮಾರು ಐದನೇ ಒಂದು ಭಾಗ ನೆಲ ಸೇರಿದೆ. ಸರ್ಕಾರ ನಿಗದಿ ಮಾಡುವ ಮಿತಿಯೊಳಗೆ ಬೇಟೆ, ಮಾಂಸ ಹಂಚಿಕೆ, ಪ್ರವಾಸಿ ವಸತಿಗಳೊಡನೆ ಒಪ್ಪಂದ ಇವು ಆದಾಯದ ಮೂಲಗಳು. ಟೋರಾ ಎಂಬಲ್ಲಿನ ಜನರು 1996ರಲ್ಲೇ ಒಂದು ಪ್ರವಾಸ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡು, ವಸತಿಯ ಆದಾಯದಲ್ಲಿ ಶೇಕಡ 10 ಪಾಲು ಹಾಗೂ ಸ್ಥಳೀಯರಿಗೆ ಉದ್ಯೋಗ ಪಡೆದರು.

ಹಣ ನೇರವಾಗಿ ಸಂಘದ ಖಾತೆಗೆ ಸೇರುವುದು ಇಲ್ಲಿಯ ವಿಶೇಷ. ಜಿಂಬಾಬ್ವೆ ದೇಶದಲ್ಲಿ 1989ರಲ್ಲಿ ಆರಂಭವಾದ ‘ಕ್ಯಾಂಪ್‌ಫೈರ್’ ಯೋಜನೆಯಲ್ಲಿ ಹಕ್ಕನ್ನು ಜಿಲ್ಲಾ ಮಂಡಳಿಗಳಿಗೆ ನೀಡಲಾಯಿತು. ಹಣವು ಮಂಡಳಿಯ ಮೂಲಕ ಹಾದುಹೋಗುವಾಗ ಅನೇಕ ಕಡೆ ಹಳ್ಳಿಗೆ ತಲುಪಿದ್ದು ಕಡಿಮೆ. ಹಾಗಾದ ಕಡೆ ಜನರ ಆಸಕ್ತಿಯೂ ಕುಗ್ಗಿತು.

ಮೂರು ಬಣ್ಣದ ದಾಖಲೆ

2000ದಿಂದ ಬಳಕೆಗೆ ಬಂದ ದಾಖಲೆ ಕ್ರಮವು ವಿಸ್ತರಣಾ ಕಾರ್ಯಕರ್ತರು ತಿಳಿಯತಕ್ಕದ್ದು. ಕಾವಲುಗಾರನ ಬಳಿ ಹಳದಿ ಹಾಳೆಗಳಿರುತ್ತವೆ. ಓದು ಬರಹ ಕಡಿಮೆ ಇದ್ದವರಿಗೂ ಅನುಕೂಲವಾಗುವಂತೆ ಪ್ರಾಣಿಗಳ ಚಿತ್ರಗಳಿರುತ್ತವೆ. ಸಿಂಹ ಮೇಕೆ ಕೊಂದಿತು, ಆನೆ ಹೊಲ ತುಳಿಯಿತು, ಉರುಲು ಸಿಕ್ಕಿತು, ಹೀಗೆ ನಡೆದುದನ್ನೆಲ್ಲ ಅಂದೇ ಗುರುತು ಹಾಕಬೇಕು. ತಿಂಗಳ ಕೊನೆಗೆ ಒಟ್ಟು ಲೆಕ್ಕವನ್ನು ನೀಲಿ ಹಾಳೆಗೂ, ವರ್ಷದ ಕೊನೆಗೆ ಕೆಂಪು ಹಾಳೆಗೂ ಏರಿಸಲಾಗುತ್ತದೆ. ಕೆಂಪು ಹಾಳೆ ನೋಡಿದರೆ ಹಲವು ವರ್ಷಗಳ ಏರಿಳಿತ ಒಮ್ಮೆಗೇ ಕಾಣುತ್ತದೆ.

ಯಾವುದನ್ನು ದಾಖಲಿಸಬೇಕೆಂದು ತೀರ್ಮಾನಿಸುವವರು ಸಂಘದವರು. ಮೂಲ ಪುಸ್ತಕ ಅವರ ಕಚೇರಿಯಲ್ಲೇ ಉಳಿಯುತ್ತದೆ. ತಜ್ಞರ ಕೆಲಸ ಹಾಳೆ ಒದಗಿಸುವುದು, ಸಂದೇಹ ಪರಿಹರಿಸುವುದು. ಸಭೆಯಲ್ಲಿ ಅಧಿಕಾರಿಗಳ ಮುಂದೆ ಕುಳಿತಾಗ ಹಳ್ಳಿಗರ ಕೈಯಲ್ಲಿ ತಮ್ಮದೇ ಅಂಕಿ ಅಂಶಗಳಿರುತ್ತವೆ.

ಜಾನುವಾರು ಮತ್ತು ಬೆಳೆ ರಕ್ಷಣೆ

ಪ್ರಾಣಿಗಳ ಸಂಖ್ಯೆ ಹೆಚ್ಚಿದಂತೆ ಹಾನಿಯೂ ಹೆಚ್ಚಿತು. ಸರ್ಕಾರದ ಅಂದಾಜಿನಂತೆ ದೇಶದ ಆನೆಗಳು 1995ರಲ್ಲಿದ್ದ ಸುಮಾರು 7,500ರಿಂದ ಈಗ 20,000ಕ್ಕೂ ಮೇಲೇರಿವೆ. ನಷ್ಟಕ್ಕೆ ಕೊಡುವ ಮೊತ್ತ ಪ್ರಾಣಿಯ ಪೂರ್ಣ ಬೆಲೆಗೆ ಸಮನಾಗಿರುವುದಿಲ್ಲ. ಘಟನೆಯನ್ನು 24 ಗಂಟೆಯೊಳಗೆ ತಿಳಿಸಿ ಸ್ಥಳ ಪರಿಶೀಲನೆ ಮಾಡಿಸಬೇಕು. ರಾತ್ರಿ ದನಗಳನ್ನು ದೊಡ್ಡಿಗೆ ಸೇರಿಸದೆ ಬಿಟ್ಟವರಿಗೆ ಪರಿಹಾರ ಸಿಗುವುದಿಲ್ಲ. ಆದ್ದರಿಂದ ಹಾನಿ ತಡೆಯುವುದಕ್ಕೇ ಹೆಚ್ಚಿನ ಗಮನ ಕೊಡಲಾಗಿದೆ.

ದೊಡ್ಡಿ: ಆಳೆತ್ತರಕ್ಕೂ ಮಿಗಿಲಾದ ಬೇಲಿ ಹಾಕಿ, ಒಳಗಿನ ದನ ಹೊರಗೆ ಕಾಣದಂತೆ ಸುತ್ತಲೂ ನೆರಳಿನ ಬಲೆ ಕಟ್ಟುತ್ತಾರೆ. ಸಿಂಹವನ್ನು ಕಂಡು ಬೆದರಿದ ದನಗಳು ಬೇಲಿ ಮುರಿದು ಹೊರಬಿದ್ದಾಗಲೇ ಸಾವು ಹೆಚ್ಚು. ಬಲೆಯಿಂದ ಈ ಗಾಬರಿ ತಪ್ಪುತ್ತದೆ.

ನೀರು: ಬಾಯಾರಿದ ಆನೆಗಳು ಕೊಳವೆ, ತೊಟ್ಟಿಗಳನ್ನು ಕಿತ್ತುಹಾಕುತ್ತವೆ. ಗಾಳಿಯಂತ್ರ ಮತ್ತು ತೊಟ್ಟಿಗಳ ಸುತ್ತ ಕಲ್ಲಿನ ಗೋಡೆ ಕಟ್ಟಿ, ಊರಿನಿಂದ ದೂರದಲ್ಲಿ ಆನೆಗಳಿಗೆ ಬೇರೆ ನೀರಿನ ಏರ್ಪಾಡು ಮಾಡಲಾಗುತ್ತದೆ.

ಮೆಣಸಿನಕಾಯಿ ಹೊಗೆ: ಈಶಾನ್ಯದ ಜಾಂಬೆಜಿ ಪ್ರದೇಶದಲ್ಲಿ ಮುಸುಕಿನ ಜೋಳ ಮತ್ತು ಸಜ್ಜೆ ಬೆಳೆಯುತ್ತಾರೆ. ಅಲ್ಲಿ ಒಣಮೆಣಸಿನಕಾಯಿ ಪುಡಿಯನ್ನು ಆನೆ ಲದ್ದಿಯೊಡನೆ ಕಲಸಿ, ಇಟ್ಟಿಗೆಯಂತೆ ತಟ್ಟಿ ಒಣಗಿಸುತ್ತಾರೆ. ರಾತ್ರಿ ಗಾಳಿ ಬೀಸುವ ಕಡೆಯ ಬದುವಿನಲ್ಲಿ ಅದನ್ನು ಕೆಂಡದ ಮೇಲಿಟ್ಟರೆ ಘಾಟು ಹೊಲದುದ್ದಕ್ಕೂ ಹರಡುತ್ತದೆ. ಒಬ್ಬನೇ ಮಾಡಿದರೆ ಆನೆ ಪಕ್ಕದ ಹೊಲಕ್ಕೆ ನುಗ್ಗುತ್ತದೆ. ನೆರೆಹೊರೆಯವರು ಕೂಡಿ ಮಾಡಿದರೆ ಮಾತ್ರ ಪ್ರಯೋಜನ.

ಕುಂದುಕೊರತೆಗಳು

ಈ ವ್ಯವಸ್ಥೆ ದೋಷರಹಿತವಲ್ಲ. ಪ್ರವಾಸಿ ವಸತಿಯಲ್ಲಿ ಕೆಲಸ ಸಿಕ್ಕಿದ್ದು ಒಬ್ಬನಿಗೆ, ಹಸು ಕಳೆದುಕೊಂಡವನು ಇನ್ನೊಬ್ಬ ಎಂಬ ದೂರು ಇದೆ. ದೊಡ್ಡ ಸಂಘದಲ್ಲಿ ಲಾಭವನ್ನು ಮನೆಮನೆಗೆ ಹಂಚಿದಾಗ ಪಾಲು ತೀರ ಸಣ್ಣದಾಗುತ್ತದೆ. 2020ರಲ್ಲಿ ಕೋವಿಡ್‌ನಿಂದಾಗಿ ಪ್ರವಾಸಿಗಳು ಬರುವುದು ನಿಂತಾಗ ಆದಾಯ ಕುಸಿಯಿತು. 2013ರ ನಂತರ ಕುನೇನೆ ಪ್ರದೇಶದಲ್ಲಿ ಮರುಕಳಿಸಿದ ಬರದಿಂದ ಜಿಂಕೆ ಜಾತಿಯ ಪ್ರಾಣಿಗಳು ಬಹಳ ಕಡಿಮೆಯಾಗಿ, ಹಸಿದ ಸಿಂಹಗಳು ದೊಡ್ಡಿಗಳ ಕಡೆ ತಿರುಗಿದವು. ರೊಚ್ಚಿಗೆದ್ದ ದನಗಾಹಿಗಳು ಕೆಲವೆಡೆ ಸಿಂಹಗಳನ್ನು ಕೊಂದದ್ದೂ ಉಂಟು. ಹಂಚಿಕೆಯ ಲೆಕ್ಕ ಸದಸ್ಯರ ಮುಂದೆ ಬಿಚ್ಚಿಡದ ಸಂಘಗಳಲ್ಲಿ ಮನಸ್ತಾಪ ಬೇಗ ಬೆಳೆಯುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿರುವುದರಿಂದ ನಮೀಬಿಯದ ಆದಾಯ ಮಾರ್ಗಗಳೆಲ್ಲವೂ ಇಲ್ಲಿಗೆ ಅನ್ವಯಿಸುವುದಿಲ್ಲ. ಆದರೆ ಆನೆ, ಚಿರತೆಗಳ ಹಾವಳಿಯಿರುವ ಕಾಡಂಚಿನ ಗ್ರಾಮಗಳಲ್ಲಿ ಊರೇ ಇಟ್ಟುಕೊಳ್ಳುವ ಹಾನಿಯ ದಾಖಲೆ, ಭದ್ರವಾದ ರಾತ್ರಿ ದೊಡ್ಡಿ, ನೆರೆಹೊರೆಯವರ ಕೂಡುಗಾವಲು ಇವುಗಳಿಗೆ ಯಾವ ಕಾನೂನಿನ ಅಡ್ಡಿಯೂ ಇಲ್ಲ. ವಿಸ್ತರಣಾ ಕಾರ್ಯಕರ್ತರು ಮೊದಲು ದಾಖಲೆ ಪುಸ್ತಕದಿಂದ ಆರಂಭಿಸುವುದು ಸೂಕ್ತ. ಯಾವ ತಿಂಗಳಲ್ಲಿ, ಯಾವ ದಿಕ್ಕಿನಿಂದ, ಯಾವ ಬೆಳೆಗೆ ಹಾನಿಯಾಗುತ್ತಿದೆ ಎಂಬುದು ಗೊತ್ತಾದರೆ ಕಾವಲಿನ ಯೋಜನೆ ಸುಲಭವಾಗುತ್ತದೆ. ಪರಿಹಾರ ಕೇಳುವಾಗಲೂ ರೈತನ ಮಾತಿಗೆ ಆಧಾರವಿರುತ್ತದೆ.