ಲಾಲ್‌ಬಾಗಿನಲ್ಲಿ ಹಕ್ಕಿ ನೋಡೋಣ ಬನ್ನಿ

"ಹಕ್ಕಿ ನೋಡಿದ್ರೆ ಸಾಲ ತೀರುತ್ತಾ ಟೀಚರ್?"

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಹೀಗೆ ಕೇಳಿದರು. ಮಗಳ ಮದುವೆಗೆ ಸಾಲ ಮಾಡಿದ್ದರು. ರಾತ್ರಿ ನಿದ್ದೆ ಇರಲಿಲ್ಲ. ಕೇಂದ್ರಕ್ಕೆ ಬಂದರೂ ಪುಸ್ತಕದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ.

"ತೀರೋದಿಲ್ಲ ಅಕ್ಕ. ಸುಮ್ನೆ ಬನ್ನಿ" ಅಂದೆ.

"ಅಡಿಗೆ ಯಾರು ಮಾಡ್ತಾರೆ?" ಅಂದರು ಇನ್ನೊಬ್ಬರು. ಗಂಡಸರು ಬೆಳಗ್ಗೆ ಟೀ ಅಂಗಡಿ ಮುಂದೆ ಒಂದು ಗಂಟೆ ನಿಲ್ಲುತ್ತಾರೆ. ಅವರನ್ನು ಯಾರೂ ಹೀಗೆ ಕೇಳುವುದಿಲ್ಲ! ಅಂತೂ ಭಾನುವಾರ ಒಂಬತ್ತು ಮಂದಿ ಬಸ್ಸು ಹತ್ತಿದೆವು.

ಬೆಂಗಳೂರಿನ ಲಾಲ್‌ಬಾಗ್ ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ. ಈಗ ಸುಮಾರು 240 ಎಕರೆ ಇದೆ. ಹೊರಗೆ ಬಸ್ಸು, ಕಾರು, ಹೊಗೆ. ಒಳಗೆ ದೊಡ್ಡ ದೊಡ್ಡ ಮರ, ಒಂದು ಕೆರೆ. ಮರ ಇದ್ದಲ್ಲಿ ಹಣ್ಣು, ಹುಳು. ಕೆರೆ ಇದ್ದಲ್ಲಿ ಮೀನು. ಅದಕ್ಕೇ ಪಟ್ಟಣದ ನಡುವೆಯೂ ಇಲ್ಲಿ ಹಕ್ಕಿಗಳಿವೆ.

ತಿಂಗಳ ಎರಡನೇ ಭಾನುವಾರ ಹಕ್ಕಿ ನೋಡುವವರು ಇಲ್ಲಿ ಸೇರುವ ರೂಢಿ ಇದೆ. 1970ರ ದಶಕದಲ್ಲಿ ಶುರುವಾದದ್ದು. ಬೆಳಗ್ಗೆ ಗಾಜಿನ ಮನೆಯ ಹತ್ತಿರ ಸೇರುತ್ತಾರೆ. ಬಲ್ಲವರು ತೋರಿಸುತ್ತಾರೆ, ಹೊಸಬರು ನೋಡುತ್ತಾರೆ.

ಬಲ್ಲವರು ಯಾಕೆ ಬೇಕು? ಕೇಳಿ. ಮರದ ಮೇಲಿಂದ "ಕುಟ್ರು, ಕುಟ್ರು" ಅಂತ ಕೂಗು ಬರುತ್ತಿತ್ತು. ಎಷ್ಟು ನೋಡಿದರೂ ಬರೀ ಎಲೆ. ಹಕ್ಕಿಯೂ ಹಸಿರು, ಎಲೆಯೂ ಹಸಿರು. ಅವರು ಕೊಂಬೆ ತೋರಿಸಿದ ಮೇಲೆ ಕಂಡಿತು. ಅದೇ ಕುಟ್ರು ಹಕ್ಕಿ.

ಆಮೇಲೆ ಚುಕ್ಕೆ ಚುಕ್ಕೆಯ ಕಂದು ಹಕ್ಕಿಯೊಂದು ಬಂತು. "ಇದು ಹೆಣ್ಣು ಕೋಗಿಲೆ" ಅಂದರು. ನಮಗೆಲ್ಲ ಆಶ್ಚರ್ಯ. ಕಪ್ಪಗಿದ್ದು ಕುಹೂ ಅಂತ ಹಾಡುವುದು ಗಂಡು. ಹೆಣ್ಣು ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಸಾಕುವ ಕಷ್ಟ ಕಾಗೆಗೆ!

ಮರದ ಪೊಟರೆಯಲ್ಲಿ ಸಣ್ಣ ಗೂಬೆ ಕೂತಿತ್ತು. "ಅಯ್ಯೋ ಶಿವನೇ, ಬೆಳಬೆಳಗ್ಗೆ ಗೂಬೆ ಮುಖ!" ಅಂತ ಒಬ್ಬರು ಹಿಂದೆ ಸರಿದರು. ಗೂಬೆ ಹುಳು, ಇಲಿ ತಿನ್ನುತ್ತದೆ. ನಮಗೆ ಉಪಕಾರಿ. ಅವರೇ ಆಮೇಲೆ ದುರ್ಬೀನು ಹಿಡಿದು ನೋಡಿದರು. "ನಮ್ಮ ಮೊಮ್ಮಗೂನೂ ಹಿಂಗೇ ಕಣ್ಣು ಬಿಡುತ್ತೆ" ಅಂತ ನಕ್ಕರು.

ಕೆರೆಯ ಹತ್ತಿರ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ಮೀನಿಗಾಗಿ ಮುಳುಗಿದಾಗ ಅದರ ರೆಕ್ಕೆ ನೆನೆಯುತ್ತದೆ. ನಾವು ಸೀರೆ ಒಣಗಿಸುವ ಹಾಗೆ ಅದು ರೆಕ್ಕೆ ಒಣಗಿಸುತ್ತದೆ. ಸಾಲದ ಚಿಂತೆಯ ಅಕ್ಕ ಅಲ್ಲೇ ಬಹಳ ಹೊತ್ತು ನಿಂತರು.

ಬಸ್ಸಿನಲ್ಲಿ ಅವರೇ ಮಾತು ತೆಗೆದರು. "ಸಾಲ ಹಂಗೇ ಇದೆ ಟೀಚರ್. ಆದ್ರೆ ಎರಡು ಗಂಟೆ ನೆನಪೇ ಆಗ್ಲಿಲ್ಲ."

ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಇದನ್ನೇ ಪರೀಕ್ಷೆ ಮಾಡಿದ್ದಾರೆ. ಸುಮಾರು 1,300 ಜನರನ್ನು ಮೊಬೈಲಿನಲ್ಲಿ ದಿನಕ್ಕೆ ಹಲವು ಸಲ ಕೇಳಿದರು. ಈಗ ಹಕ್ಕಿ ಕಂಡಿತೇ? ದನಿ ಕೇಳಿತೇ? ಮನಸ್ಸು ಹೇಗಿದೆ? ಫಲಿತಾಂಶ 2022ರಲ್ಲಿ ಬಂತು. ಹಕ್ಕಿ ಕಂಡಾಗ, ದನಿ ಕೇಳಿದಾಗ ಮನಸ್ಸು ಹಗುರವಾಗಿತ್ತು. ಅದು ಕೆಲವು ಗಂಟೆ ಉಳಿದಿತ್ತು. ಮನೋವ್ಯಥೆಯ ಕಾಯಿಲೆ ಇದ್ದವರಲ್ಲೂ ಹಾಗೇ ಕಂಡಿತು.

ಆದರೆ ಹಕ್ಕಿ ನೋಡುವುದು ಔಷಧಿಗೆ ಬದಲಲ್ಲ. ಎರಡು ವಾರವಾದರೂ ನಿದ್ದೆ ಇಲ್ಲ, ಅಳು ಬರುತ್ತದೆ, ಯಾವುದೂ ಬೇಡ ಅನಿಸುತ್ತದೆ ಅಂದರೆ ಆಸ್ಪತ್ರೆಗೆ ಹೋಗಿ. 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾಯಿತು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ನಮ್ಮ ಅಕ್ಕನಿಗೂ ಈ ನಂಬರು ಬರೆದುಕೊಟ್ಟೆ.

ನೀವೂ ಹೋಗಿ. ಮೆಲ್ಲಗೆ ನಡೆಯಿರಿ, ಮೆಲ್ಲಗೆ ಮಾತಾಡಿ. ಗೂಡಿನ ಹತ್ತಿರ ಹೋಗಬೇಡಿ. ಲಾಲ್‌ಬಾಗ್ ದೂರವಾದರೆ ನಿಮ್ಮೂರ ಕೆರೆ ಏರಿಯೂ ಆಗುತ್ತದೆ. ಹಕ್ಕಿ ಹೆಸರು ಬಲ್ಲ ಅಜ್ಜಿಯೊಬ್ಬರನ್ನು ಕರೆದುಕೊಳ್ಳಿ.

ಮಾರನೇ ದಿನ ಆ ಅಕ್ಕ ಎಲ್ಲರಿಗಿಂತ ಮೊದಲು ಕೇಂದ್ರಕ್ಕೆ ಬಂದರು. ನೋಟುಬುಕ್ಕಿನಲ್ಲಿ ಬರೆದಿದ್ದರು: ಕುಟ್ರು. ಕೋಗಿಲೆ. ಗೂಬೆ. ನೀರುಕಾಗೆ. ಬೆಳಕ್ಕಿ.

"ಇದರಲ್ಲಿ ಎರಡು ಒತ್ತು ಬರಬೇಕು ಅಕ್ಕ" ಅಂದೆ. ಅಳಿಸಿ ಬರೆದರು: ಬೆಳ್ಳಕ್ಕಿ.