ಪಿನಾಟುಬೊ ಬೆಟ್ಟದ ನಾಡಿ ಹಿಡಿದವರು

ಫಿಲಿಪೀನ್ಸ್‌ನ ಲುಜಾನ್ ದ್ವೀಪದ ಪಿನಾಟುಬೊ ಸುಮಾರು 500 ವರ್ಷ ಸುಮ್ಮನಿದ್ದ ಜ್ವಾಲಾಮುಖಿ ಬೆಟ್ಟ. ಮೈತುಂಬ ಕಾಡು, ಇಳಿಜಾರಿನಲ್ಲಿ ಆಯಿಟಾ ಬುಡಕಟ್ಟಿನವರ ಊರುಗಳು. 1991ರ ಏಪ್ರಿಲ್ 2ರಂದು ಅದರ ಉತ್ತರದ ಮಗ್ಗುಲು ಸಿಡಿದು ಹಬೆ, ಬೂದಿ ಉಗುಳಿತು.

ಬೆಟ್ಟದ ನಾಡಿ ನೋಡಲು ಧಾವಿಸಿದ್ದು ಫಿವೋಲ್ಕ್ಸ್ ಎಂಬ ಸರ್ಕಾರಿ ಸಂಸ್ಥೆ. 1951ರಲ್ಲಿ ಹಿಬೋಕ್-ಹಿಬೋಕ್ ಜ್ವಾಲಾಮುಖಿ ಸುಮಾರು 500 ಜನರನ್ನು ಬಲಿ ಪಡೆದ ಮರುವರ್ಷ ಸ್ಥಾಪನೆಯಾದ ಆಯೋಗವೇ ಇದರ ಮೂಲ. 1991ರಲ್ಲಿ ಸಂಸ್ಥೆಯ ನಿರ್ದೇಶಕ ರೇಮುಂಡೊ ಪುನೊಂಗ್‌ಬಯಾನ್. ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ತಂಡವೂ ಜೊತೆಗೂಡಿತು. ಬೆಟ್ಟದ ಸುತ್ತ ನೆಟ್ಟ ಭೂಕಂಪಮಾಪಕಗಳು ಒಳಗಿನ ಪ್ರತಿ ಅದುರನ್ನೂ ರೇಡಿಯೊ ಮೂಲಕ ಹತ್ತಿರದಲ್ಲಿದ್ದ ಅಮೆರಿಕದ ಕ್ಲಾರ್ಕ್ ವಾಯುನೆಲೆಗೆ ಕಳಿಸತೊಡಗಿದವು.

ನನಗೆ ಅತ್ಯಂತ ರೋಚಕವೆನಿಸುವುದು ಗಂಧಕದ ಕಥೆ. ಬೆಟ್ಟದಿಂದ ಹೊಮ್ಮುವ ಗಂಧಕದ ಡೈಆಕ್ಸೈಡ್ ನೇರಳಾತೀತ ಬೆಳಕನ್ನು ಹೀರುತ್ತದೆ. ಅದನ್ನು ಅಳೆಯುವ ಉಪಕರಣವನ್ನು ವಿಮಾನದಲ್ಲಿಟ್ಟು ಹಾರಿಸಿದಾಗ, ಮೇ 13ರಂದು ದಿನಕ್ಕೆ 500 ಟನ್ ಇದ್ದ ಅನಿಲ ಮೇ 28ಕ್ಕೆ 5,000 ಟನ್ ದಾಟಿತ್ತು. ಆಮೇಲೆ ಥಟ್ಟನೆ ಇಳಿಯಿತು. ಬೇರೆಯವರಾಗಿದ್ದರೆ ಬೆಟ್ಟ ತಣ್ಣಗಾಯಿತೆಂದು ನಿಟ್ಟುಸಿರು ಬಿಡುತ್ತಿದ್ದರೇನೋ. ಅನಿಲದ ದಾರಿ ಕಟ್ಟಿಕೊಂಡು ಒಳಗೆ ಒತ್ತಡ ಏರುತ್ತಿರಬಹುದೆಂದು ಈ ವಿಜ್ಞಾನಿಗಳು ಶಂಕಿಸಿದರು. ಅವರ ಶಂಕೆಯೇ ನಿಜವಾಯಿತು.

ಅಳತೆ ಸಿಕ್ಕರೆ ಸಾಲದು, ಜನ ನಂಬಬೇಕು. ಅದಕ್ಕೆ ಐದು ಹಂತಗಳ ಎಚ್ಚರಿಕೆಯ ಪದ್ಧತಿ ಬಂತು. ಜ್ವಾಲಾಮುಖಿಯ ಅಪಾಯಗಳನ್ನು ತೋರಿಸುವ, ಫ್ರಾನ್ಸಿನ ಮೋರಿಸ್ ಕ್ರಾಫ್ಟ್ ತಯಾರಿಸಿದ ವಿಡಿಯೊವನ್ನು ಅಧಿಕಾರಿಗಳಿಗೂ ಹಳ್ಳಿಗರಿಗೂ ತೋರಿಸಿದರು. ಅದೇ ವರ್ಷದ ಜೂನ್ 3ರಂದು ಕ್ರಾಫ್ಟ್ ದಂಪತಿ ಜಪಾನಿನ ಉನ್‌ಜೆನ್ ಜ್ವಾಲಾಮುಖಿಗೆ ಬಲಿಯಾದರು. ಜೂನ್ 9ರಂದು ಪಿನಾಟುಬೊದಲ್ಲಿ ಐದನೇ ಹಂತ ಘೋಷಣೆಯಾಯಿತು. ಮರುದಿನ ಕ್ಲಾರ್ಕ್‌ನಿಂದ ಸುಮಾರು 14,500 ಮಂದಿ ಹೊರಟರು.

ಜೂನ್ 15ರಂದು ಮಹಾಸ್ಫೋಟ. ಅದೇ ದಿನ ಯುನ್ಯಾ ಚಂಡಮಾರುತ ಬೆಟ್ಟದ ಪಕ್ಕದಲ್ಲೇ ಹಾದುಹೋಯಿತು. ಬೂದಿಗೆ ಮಳೆ ಬೆರೆತು ಭಾರವಾಗಿ ಮನೆಗಳ ಸೂರುಗಳು ಕುಸಿದವು. ಆ ದಿನಗಳಲ್ಲಿ ಸತ್ತವರಲ್ಲಿ ಹೆಚ್ಚಿನವರು ಸೂರಿನಡಿ ಸಿಕ್ಕವರು. ಬೆಟ್ಟದ ಸುತ್ತಲಿನ ಉಪಕರಣಗಳೂ ಬಹುಪಾಲು ಅಂದೇ ನಾಶವಾದವು. ಆಕಾಶಕ್ಕೇರಿದ ಸುಮಾರು 2 ಕೋಟಿ ಟನ್ ಗಂಧಕದ ಡೈಆಕ್ಸೈಡನ್ನು ಉಪಗ್ರಹಗಳು ಗುರುತಿಸಿದವು. ಅದರಿಂದ ಭೂಮಿಯ ಸರಾಸರಿ ತಾಪಮಾನ ಸುಮಾರು ಅರ್ಧ ಡಿಗ್ರಿ ಇಳಿಯಿತು.

ಆಮೇಲಿನ ಶತ್ರು ಮಳೆ. ಪ್ರತಿ ಮಳೆಗಾಲದಲ್ಲೂ ಬೂದಿ ಕೆಸರಾಗಿ ಹೊಳೆಗಳಲ್ಲಿ ನುಗ್ಗಿತು. ಬಕೊಲೊರ್ ಪಟ್ಟಣದ ಚರ್ಚು 1995ರಲ್ಲಿ ಅರ್ಧದವರೆಗೆ ಹೂತುಹೋಯಿತು. ಮಳೆಮಾಪಕಗಳು ಮತ್ತು ನೆಲದ ಕಂಪನದಿಂದಲೇ ಕೆಸರಿನ ಬರವನ್ನು ಹಿಡಿಯುವ ಸಂವೇದಕಗಳು ಆಗ ಹೊಳೆದಂಡೆಯ ಊರುಗಳಿಗೆ ಕಾವಲಾದವು.

ಮುನ್ನೆಚ್ಚರಿಕೆಯಿಂದ ಕನಿಷ್ಠ 5,000 ಜೀವ ಉಳಿದವೆಂದು ಅಂದಾಜು. ಜ್ವಾಲಾಮುಖಿ ವಿಜ್ಞಾನ ಜನರ ಕೈಗೆ ಇಷ್ಟು ನೇರವಾಗಿ ಒದಗಿದ ಇನ್ನೊಂದು ಪ್ರಸಂಗ ನನಗೆ ಗೊತ್ತಿಲ್ಲ.